ಆಕಾಶದ ಜಗಳ ಬಿಡಿಸುವ ಚಿಕ್ಕಪ್ಪ

ಅಮೆರಿಕ, ಚೀನಾ, ರಷ್ಯಾ ಇನ್ನೂ ಬಾಹ್ಯಾಕಾಶದಲ್ಲಿ ಬಡಿದಾಡಿಕೊಂಡಿಲ್ಲವೆಂದರೆ ಅದಕ್ಕೆ ತಾಯಲೂರಿನ ನಮ್ಮ ಚಿಕ್ಕಪ್ಪನೇ ಕಾರಣ! ನಗಬೇಡಿ. ಇದು ಅವರೇ ಹೇಳಿದ್ದು. ಒಪ್ಪದಿದ್ದರೆ ಅವರ ಮನೆಯಲ್ಲಿ ಕಾಫಿ ಸಿಗುವುದಿಲ್ಲ.

ಚಿಕ್ಕಪ್ಪನ ಕಸುಬು ಮನೆಮನೆಗೆ ಟಿವಿ ಡಿಶ್ ಕೂರಿಸುವುದು. ಹಾಗಾಗಿ ಮೇಲಿರುವ ಉಪಗ್ರಹಗಳೆಲ್ಲ ಅವರ ಸ್ವಂತ ಆಸ್ತಿ! ಸಾಲದ್ದಕ್ಕೆ ಒಬ್ಬಳೇ ಮಗಳು ಸೈನ್ಯದಲ್ಲಿ ಡಾಕ್ಟರು. ಮೊಬೈಲ್ ಸಿಗ್ನಲ್ ಇಲ್ಲದ ಹಿಮದ ಬೆಟ್ಟದಲ್ಲಿದ್ದಾಳೆ. ಭಾನುವಾರಕ್ಕೊಮ್ಮೆ ಅವಳ ದನಿ ಉಪಗ್ರಹದ ಫೋನಿನಲ್ಲೇ ಬರಬೇಕು. ಒಂದು ದೇಶ ಇನ್ನೊಂದರ ಉಪಗ್ರಹ ಹೊಡೆದರೆ ಅದರ ಚೂರು ಎಲ್ಲರ ಉಪಗ್ರಹಕ್ಕೂ ಬಡಿಯುತ್ತದೆಂದು ಟಿವಿಯಲ್ಲಿ ಕೇಳಿದ ದಿನ ಚಿಕ್ಕಪ್ಪ ಅರ್ಧ ಮುದ್ದೆ ಬಿಟ್ಟೆದ್ದರು.

"ಇವ್ರಿಗೆ ಬುದ್ಧಿ ಹೇಳೋರು ಯಾರೂ ಇಲ್ವೇನೋ?"

"ನೀವೇ ಹೇಳ್ಬಿಡಿ," ಎಂದರು ಚಿಕ್ಕಮ್ಮ. "ನಾನ್ ಹೇಳಿದ್ರೆ ನೀವು ಕೇಳಲ್ವಾ, ಹಂಗೇ ಕೇಳ್ತಾರೆ."

ಮರುದಿನವೇ ಕುರುಡುಮಲೆ ಗಣಪನಿಗೆ ಅರ್ಚನೆ. ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದರೆ, "ಅಮೆರಿಕ, ಚೀನಾ, ರಷ್ಯಾ!"

"ಗೋತ್ರ?"

"ಗೋತ್ರ ಬಿಡಿ ಸ್ವಾಮಿ, ಬುದ್ಧಿ ಒಂದು ಕೊಟ್ರೆ ಸಾಕು."

ಹಾಗಂತ ಎಲ್ಲವನ್ನೂ ದೇವರ ಮೇಲೆ ಹಾಕಿ ಕೂರುವ ಆಸಾಮಿಯಲ್ಲ ಚಿಕ್ಕಪ್ಪ. ನಮ್ಮ ಬೀದಿಯಲ್ಲಿ ನಡುಗೋಡೆ ಹಂಚಿಕೊಂಡ ಅಣ್ಣತಮ್ಮಂದಿರಿಬ್ಬರು ಹಾವು ಮುಂಗುಸಿ. ಕೋಪ ಬಂದರೆ ಆಂಧ್ರದ ಗಡಿಯ ನಮ್ಮ ಕಡೆ ತೆಲುಗೇ ಸಲೀಸು ನೋಡಿ, "ನೀ ಡಿಶ್ ಪಗಲಗೊಡತಾ!", ನಿನ್ನ ಡಿಶ್ ಒಡೆದುಹಾಕ್ತೀನಿ, ಎಂದು ಅಣ್ಣ ದೊಣ್ಣೆ ಹಿಡಿದು ಮಾಳಿಗೆ ಹತ್ತುವನು, ತಮ್ಮ ಕಲ್ಲು ಹಿಡಿದು. ಚಿಕ್ಕಪ್ಪ ಎರಡೂ ಡಿಶ್ ಬಿಚ್ಚಿ ನಡುಗೋಡೆಯ ಮೇಲೆ ಒಂದೇ ಕಂಬಕ್ಕೆ ಬಿಗಿದರು.

"ಈಗ ಹೊಡೀರಪ್ಪ! ಕಂಬ ಅಲ್ಲಾಡಿದ್ರೆ ಇಬ್ರ ಸೀರಿಯಲ್ಲೂ ಗೋವಿಂದ!"

ಈಗ ಆ ಕಂಬದ ಮೇಲೆ ಕಾಗೆ ಕೂತರೂ ಅಣ್ಣತಮ್ಮ ಸೇರಿಯೇ ಓಡಿಸುತ್ತಾರೆ. ದೊಡ್ಡ ದೇಶಗಳಿಗೂ ಇದೇ ಮದ್ದಂತೆ. ಎಲ್ಲರದ್ದೂ ಒಂದೇ ಕಂಬದ ಮೇಲಿದ್ದರೆ ಯಾರು ಕೈ ಎತ್ತುತ್ತಾರೆ?

"ಆಕಾಶದಲ್ಲಿ ಕಂಬ ಎಲ್ಲಿ ನೆಡ್ತೀರಿ ಚಿಕ್ಕಪ್ಪ?" ಎಂದೆ.

"ಅದು ಅವ್ರ ತಲೆನೋವು ಕಣೋ. ಐಡಿಯಾ ಕೊಟ್ಟಿದೀನಲ್ಲ!"

ಹೋದ ಭಾನುವಾರ ಟಿವಿಯಲ್ಲಿ ಮತ್ತೆ ಉಪಗ್ರಹ ಹೊಡೆಯುವ ಬೆದರಿಕೆಯ ಸುದ್ದಿ. ಫೋನ್ ಬರುವ ಹೊತ್ತು ಮೀರಿತು. ಚಿಕ್ಕಪ್ಪ ಆಕಾಶ ನೋಡುತ್ತ ಅಂಗಳದಲ್ಲೇ ನಿಂತಿದ್ದರು. ಸಂಜೆಗೆ ಅಂತೂ ಫೋನ್ ಬಂತು. ಸ್ಪೀಕರ್ ಹಾಕಿದರು. ಆ ಕಡೆ ಬರೀ ಗಾಳಿಯ ಸದ್ದು. ಆಮೇಲೆ, ಯಾರಿಗೂ ಹೆದರದ ನಮ್ಮ ಹುಡುಗಿ ಸಣ್ಣ ದನಿಯಲ್ಲಿ ಕೇಳಿದಳು:

"ಅಪ್ಪಾ, ಸುದ್ದಿ ಕೇಳ್ದೆ. ಏನೂ ಆಗಲ್ಲ ಅಲ್ವಾ?"

ಚಿಕ್ಕಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದರು. ದನಿ ನಡುಗಲಿಲ್ಲ.

"ಏನೂ ಆಗಲ್ಲ ಕಣಮ್ಮ. ನಾನಿದ್ದೀನಲ್ಲ."

ಅವಳು ನಕ್ಕಳು. ಇವರು ನಮ್ಮ ಚಿಕ್ಕಪ್ಪ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು ನನಗೆ.