ಹಸಿರು ಹೆಬ್ಬೆಟ್ಟು

ಹದಿನೇಳನೆಯ ಎಲೆಗೆ ಹೆಬ್ಬೆಟ್ಟು ಒತ್ತಿ, ಉಫ್ ಎಂದು ಊದಿ ಒಣಗಿಸಿ, ನರ್ಸರಿ ಟೀಚರು ಹದಿನೆಂಟನೆಯದಕ್ಕೆ ಕೈಹಾಕಿದಳು. ಹೊರಗೆ ಮಕ್ಕಳ ಪ್ರಾರ್ಥನೆ ಶುರುವಾಗಿತ್ತು. ಅದು ಮುಗಿಯುವಷ್ಟರಲ್ಲಿ ಇನ್ನೂ ಏಳು ಸತ್ಯಗಳನ್ನು ನೆನಪಿಸಿಕೊಳ್ಳಬೇಕಿತ್ತು.

'ಇಡೀ ಮಗು ಅರಳಲಿ' ಎಂದು ಗೇಟಿನ ಮೇಲೆ ಬರೆಸಿಕೊಂಡಿದ್ದ ಶಾಲೆ ಅದು. ಅಲ್ಲಿ ಲೆಕ್ಕ, ಅಕ್ಷರ, ಆಟಗಳ ಜೊತೆಗೆ ತಿಂಗಳಿಗೊಂದು ಮೌಲ್ಯ. ಹೋದ ತಿಂಗಳು ಕರುಣೆ, ಈ ತಿಂಗಳು ಪ್ರಾಮಾಣಿಕತೆ. ಮಗು ತಾನು ಮಾಡಿದ ಒಂದು ತಪ್ಪನ್ನು ತಾನಾಗಿ ಬಂದು ಹೇಳಬೇಕು. ಟೀಚರು ಅದನ್ನು ಕಾಗದದ ಎಲೆಯ ಮೇಲೆ ಬರೆದು, ಮಗುವಿನ ಹಸಿರು ಹೆಬ್ಬೆಟ್ಟು ಒತ್ತಿಸಿ, ಗೋಡೆಯ ಮೇಲಿನ ಮರಕ್ಕೆ ಅಂಟಿಸಬೇಕು. 'ತಂಗಿ ಬಿಸ್ಕತ್ತು ನಾನೇ ತಿಂದೆ.' 'ಗೋಡೆ ಗೀಚಿದ್ದು ಬೆಕ್ಕಲ್ಲ, ನಾನು.' 'ಅಜ್ಜನ ಹಲ್ಲುಸೆಟ್ಟು ಬಚ್ಚಿಟ್ಟವಳು ನಾನು.' ಹೀಗೆ ಮೂರು ವಾರ ಕುಕ್ಕರಗಾಲಲ್ಲಿ ಕೂತು ಇಪ್ಪತ್ತನಾಲ್ಕು ಮಕ್ಕಳ ಬಾಯಿ ಬಿಡಿಸಿದ್ದಳು. ನಿನ್ನೆ ಸಂಜೆ ಅಗ್ಗದ ಅಂಟು ಕೈಕೊಟ್ಟು ಎಲೆಗಳೆಲ್ಲ ಉದುರಿದವು. ಬೆಳಿಗ್ಗೆ ಆಯಾ ಅವನ್ನು ಗುಡಿಸಿ ಕಸದ ಗಾಡಿಗೆ ಹಾಕಿಬಿಟ್ಟಿದ್ದಳು.

"ಮರದ ಕೆಳಗೆ ಬಿದ್ದ ಎಲೆ ಗುಡಿಸೋದು ನನ್ನ ಕೆಲಸ ಅಲ್ವಾ ಟೀಚರಮ್ಮ?" ಎಂದಳು ಆಯಾ.

ಬೇರೆ ದಿನವಾಗಿದ್ದರೆ ಮಕ್ಕಳನ್ನು ಮತ್ತೆ ಕೂರಿಸಿಕೊಳ್ಳಬಹುದಿತ್ತು. ಆದರೆ ವರ್ಷಕ್ಕೊಮ್ಮೆ ಬರುವ ಆಡಳಿತ ಮಂಡಳಿಯ ಅಧ್ಯಕ್ಷರು ಇವತ್ತೇ ಬರುವವರಿದ್ದರು. ಟೀಚರು, ಆಯಾ ಇಬ್ಬರೂ ಒಂಬತ್ತು ವರ್ಷದಿಂದ ತಾತ್ಕಾಲಿಕ. ಖಾಯಂ ಮಾಡುವ ಕಾಗದಕ್ಕೆ ಕೆಲಸದವರು ಅಧ್ಯಕ್ಷರ ಕಣ್ಣೆದುರೇ ಸಹಿ ಹಾಕಬೇಕು ಎಂಬುದು ಶಾಲೆಯ ಕಟ್ಟಳೆ. ಗೋಡೆಯ ಮೇಲೆ ಬೋಳು ಮರ ಕಂಡರೆ ಹೆಡ್‌ಮಿಸ್ಸು ಕಾಗದವನ್ನು ಬೀರುವಿನಿಂದ ಹೊರಗೇ ತೆಗೆಯುವುದಿಲ್ಲ. "ಈ ಸಲವಾದರೂ ಆಗುತ್ತೇನಮ್ಮಾ?" ಎಂದು ಅತ್ತೆ ತಿಂಡಿಯ ಹೊತ್ತಿಗೇ ಕೇಳಿ ಕಳಿಸಿದ್ದರು.

ಹಾಗಾಗಿ ಸತ್ಯ ಮಕ್ಕಳದು, ಹೆಬ್ಬೆಟ್ಟು ಅವಳದು. ಬಣ್ಣದ ಡಬ್ಬಿ ಖಾಲಿಯಾಗಿದ್ದರಿಂದ ಆಫೀಸಿನ ಸ್ಟಾಂಪ್ ಪ್ಯಾಡನ್ನೇ ತಂದಿದ್ದಳು. ಅದರ ಹಸಿರು ಶಾಯಿ ಹೋಗುವಂಥದ್ದಲ್ಲ ಎಂದು ತಿಳಿದದ್ದು, ಎಲೆಗಳನ್ನೆಲ್ಲ ಅಂಟಿಸಿ, ಪ್ಯಾಡು ಹಿಂತಿರುಗಿಸಿ, ನಲ್ಲಿಯ ಕೆಳಗೆ ನಿಂತಾಗ.

"ಏನೇ ಇದು, ಬೆರಳ ಮೇಲೆ ಗಿಳಿ ಕೂತಿದೆ!" ಎಂದು ಒಂದನೇ ಕ್ಲಾಸಿನ ಟೀಚರು ಇಣುಕಿದಳು. ಯಾರ ತಲೆನೋವಿಗೂ ಅವಳ ಹತ್ತಿರ ಮದ್ದಿತ್ತು. ಶಾಲೆಯೆಲ್ಲ ಅವಳನ್ನು ಉಪಾಯದಕ್ಕ ಎನ್ನುತ್ತಿತ್ತು.

"ಮೂರು ಸಲ ಸೋಪು ಹಾಕಿ ಉಜ್ಜಿದೆ ಕಣಕ್ಕಾ."

"ಟೂತ್‌ಪೇಸ್ಟ್ ಹಚ್ಚು."

ಹಚ್ಚಿದ ಮೇಲೆ ಹಸಿರು ಇನ್ನಷ್ಟು ಹೊಳೆಯಿತು.

"ಹೋಗ್ಲಿ, ಬ್ಯಾಂಡೇಜ್ ಸುತ್ತು. ಬಾಗಿಲಿಗೆ ಸಿಕ್ತು ಅನ್ನು. ಬಾಗಿಲೇನು ಬಂದು ಸಾಕ್ಷಿ ಹೇಳುತ್ತಾ?"

ಉಪಾಯದಕ್ಕನೇ ಸುತ್ತಿದಳು. ಬೆರಳು ಬದನೆಕಾಯಿಯಷ್ಟಾಯಿತು.

ಮಕ್ಕಳು ಒಳಗೆ ಬಂದವರೇ ಬೆರಳು ಕಂಡರು. "ಬಾಗಿಲಿಗೆ ಸಿಕ್ತು," ಎಂದಳು ಟೀಚರು. ಹೋದ ತಿಂಗಳ ಕರುಣೆ ಇನ್ನೂ ಮಾಸಿರಲಿಲ್ಲ. ಇಪ್ಪತ್ತನಾಲ್ಕೂ ಮಂದಿ ಸಾಲಾಗಿ ನಿಂತು ಊದಿದರು. ಹಲ್ಲುಸೆಟ್ಟಿನ ಹುಡುಗಿ ಹೋಗಿ ಬಾಗಿಲಿಗೆ ಎರಡು ಬಾರಿಸಿ, "ನಮ್ಮ ಮಿಸ್‌ನ ಕಚ್ತೀಯಾ?" ಎಂದಳು. ಟೀಚರಿಗೆ ಎಲೆಗಳೆಲ್ಲ ತನ್ನನ್ನೇ ನೋಡುತ್ತಿವೆ ಎನಿಸಿತು.

ಗಲಾಟೆ ಕೇಳಿ ಹೆಡ್‌ಮಿಸ್ಸು ಬಂದರು. "ಅಯ್ಯೋ, ಅಧ್ಯಕ್ಷರು ಬರೋ ದಿನವೇ! ನಾಳೆ ಮಕ್ಕಳ ಬೆರಳು ಸಿಕ್ಕರೆ ಗತಿಯೇನು?" ಎಂದವರೇ ಬಡಗಿಯನ್ನು ಕರೆಸಿದರು.

ಬಡಗಿ ಬಾಗಿಲನ್ನು ಎಳೆದು, ನೂಕಿ, ನಕ್ಕ. "ಮೇಡಂ, ಇದು ಉಬ್ಬಿಕೊಂಡು ವರ್ಷವಾಯ್ತು. ಮುಚ್ಚೋದೇ ಇಲ್ಲ. ಬೆರಳಲ್ಲ, ಆನೆ ಬಾಲ ಇಟ್ಟರೂ ಸಿಗಲ್ಲ."

ಬಾಗಿಲು ಸಾಕ್ಷಿ ಹೇಳಿಯೇಬಿಟ್ಟಿತ್ತು. "ಅದಲ್ಲ... ಬೀರುವಿನ ಬಾಗಿಲು," ಎಂದಳು ಟೀಚರು. ಬಡಗಿ ಬೀರುವಿನ ಬಾಗಿಲನ್ನೂ ಕಳಚಿದ. ಒಳಗೆ ತುರುಕಿಟ್ಟಿದ್ದ ಆಟದ ಸಾಮಾನು ದಬದಬನೆ ನೆಲಕ್ಕುರುಳುವುದಕ್ಕೂ ಅಧ್ಯಕ್ಷರು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು.

ಅಧ್ಯಕ್ಷರು ನಲವತ್ತು ವರ್ಷ ಮೂಳೆ ಜೋಡಿಸಿ ನಿವೃತ್ತರಾದ ಡಾಕ್ಟರು. ಬ್ಯಾಂಡೇಜ್ ಕಂಡರೆ ಅವರಿಗೆ ಮಗುವಿಗೆ ಬಲೂನು ಕಂಡ ಹಾಗೆ. "ಯಾರಮ್ಮ ಹೀಗೆ ಸುತ್ತಿದ್ದು? ಬಾ, ಬಿಚ್ಚಿ ನೋಡೋಣ."

"ಬೇಡ ಸಾರ್, ಚಿಕ್ಕ ಗಾಯ..."

"ಡಾಕ್ಟರ ಹತ್ತಿರ ನಾಚಿಕೆಯೇ?" ಎಂದು ಅವಳನ್ನು ಕಿಟಕಿಯ ಬೆಳಕಿಗೆ ಕರೆದೊಯ್ದು ಬಿಚ್ಚಿದರು. ಹೆಡ್‌ಮಿಸ್ಸು ಆಗ ಉರುಳಿದ ಸಾಮಾನು ಎತ್ತಿಸುತ್ತಿದ್ದರು.

ಡಾಕ್ಟರು ಹಸಿರು ಬೆರಳನ್ನು ನೋಡಿದರು. ಅದಕ್ಕೆ ಅಡ್ಡಲಾಗಿ ಹಳೆಯ ಈಳಿಗೆಗಾಯದ ಗೆರೆಯೊಂದಿತ್ತು. ಕನ್ನಡಕ ಏರಿಸಿ ಮರ ನೋಡಿದರು. ಇಪ್ಪತ್ತನಾಲ್ಕು ಎಲೆಗಳಲ್ಲೂ ಅದೇ ಗೆರೆ.

ಅವಳು ತಗ್ಗಿದ ದನಿಯಲ್ಲಿ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿದ ಮೇಲೆ ಎದೆ ಹಗುರಾಯಿತು. ತಪ್ಪು ಒಪ್ಪಿಕೊಂಡ ಮಕ್ಕಳು ಯಾಕೆ ಕುಣಿಯುತ್ತ ಓಡುತ್ತಿದ್ದವು ಎಂದು ಮೂರು ವಾರದ ಮೇಲೆ ಅವಳಿಗೆ ಅರ್ಥವಾಯಿತು.

"ಮಾತು ಮಕ್ಕಳದೇ ತಾನೇ?"

"ಹೌದು ಸಾರ್. ಅಜ್ಜನ ಹಲ್ಲುಸೆಟ್ಟೂ ನಿಜವೇ."

ತಡೆಹಿಡಿದ ನಗುವಿಗೆ ಡಾಕ್ಟರ ಭುಜಗಳು ಕುಲುಕಿದವು. ಕಣ್ಣೊರೆಸಿಕೊಂಡು ಬ್ಯಾಂಡೇಜನ್ನು ನೀಟಾಗಿ ಸುತ್ತಿದರು. "ಹೆದರಬೇಡಮ್ಮ, ನಾನು ನೋಡ್ಕೋತೀನಿ." ಆಮೇಲೆ ಹೆಡ್‌ಮಿಸ್ಸಿನ ಕಡೆ ತಿರುಗಿ, ಆಪರೇಷನ್ ಮುಗಿಸಿ ಬಂದವರ ಗಾಂಭೀರ್ಯದಲ್ಲಿ, "ಏಟು ಜೋರಾಗಿದೆ. ಒಂದು ವಾರ ಈ ಕೈ ಪೆನ್ನು ಮುಟ್ಟಕೂಡದು," ಎಂದರು. ಹೋಗುವಾಗ ಅವಳಿಗೊಂದು ಕಣ್ಣು ಮಿಟುಕಿಸಿದರು.

ಗೆದ್ದೆ ಎಂದುಕೊಂಡಳು ಟೀಚರು. ಆಫೀಸಿನಿಂದ ಕರೆ ಬರುತ್ತದೆಂದು ಸೆರಗು ಸರಿಮಾಡಿಕೊಂಡು ಕಾದಳು. ಕಾರು ಹೊರಟ ಸದ್ದು ಕೇಳಿಸಿತು. ಓಡಿ ಬಂದವಳು ಆಯಾ.

"ಟೀಚರಮ್ಮ, ನಂದು ಖಾಯಂ ಆಯ್ತು! ಅಧ್ಯಕ್ಷರ ಮುಂದೇನೇ ಒತ್ತಿದೆ!" ಎಂದು ಹೆಬ್ಬೆಟ್ಟು ಎತ್ತಿ ತೋರಿಸಿದಳು. ಹಚ್ಚ ಹಸಿರು.

ಹಿಂದೆಯೇ ಹೆಡ್‌ಮಿಸ್ಸು ಬಂದು ಟೀಚರ ಬೆನ್ನು ಸವರಿದರು. "ನಿಮ್ಮ ಕಾಗದವೂ ಮೇಜಿನ ಮೇಲೆ ತಯಾರಿತ್ತು ಕಣಮ್ಮ. ಡಾಕ್ಟರೇ ಪೆನ್ನು ಮುಟ್ಟಬೇಡಿ ಅಂದಮೇಲೆ ನಾನು ಹೇಗೆ ಸಹಿ ಮಾಡಿಸಲಿ? ಹೆಬ್ಬೆಟ್ಟು ಒತ್ತಿಸೋಣ ಅಂದರೆ ಅದಕ್ಕೇ ಏಟು! ಅವರಿಗೆ ತೋರಿಸದೇ ಎತ್ತಿಟ್ಟೆ. ಬೇಜಾರು ಮಾಡ್ಕೋಬೇಡಿ, ಮುಂದಿನ ವರ್ಷ ಬಂದೇ ಬರ್ತಾರಲ್ಲ. ಅಂದ ಹಾಗೆ, ಮುಂದಿನ ತಿಂಗಳ ಮೌಲ್ಯ ತಾಳ್ಮೆ. ಎಲೆ ಕತ್ತರಿಸಿಡಿ. ಎಡಗೈಲಿ ಆಗುತ್ತಲ್ಲ?"

ಮಕ್ಕಳು ಮನೆಗೆ ಹೋದರು. ಟೀಚರು ಚಿಕ್ಕ ಕುರ್ಚಿಯೊಂದರಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಬ್ಯಾಂಡೇಜ್ ಬಿಚ್ಚಿ, ಮರವನ್ನು ನೋಡಿದಳು. ನಗುವೂ ಬಂತು, ಕಣ್ಣೂ ತುಂಬಿತು.

ಆಮೇಲೆ ಎದ್ದು ಇಪ್ಪತ್ತನಾಲ್ಕು ಎಲೆಗಳನ್ನೂ ಒಂದೊಂದಾಗಿ ಬಿಡಿಸಿ ಚೀಲಕ್ಕೆ ಹಾಕಿಕೊಂಡಳು. ನಾಳೆಯಿಂದ ಮಕ್ಕಳನ್ನು ಮತ್ತೆ ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಬೇಕು. ಅದಕ್ಕೂ ಮೊದಲು, ಅವರೆಲ್ಲರ ಎದುರಿಗೆ, ತನ್ನ ತಪ್ಪು ಬರೆದ ಇಪ್ಪತ್ತೈದನೆಯ ಎಲೆಯೊಂದನ್ನು ಅಂಟಿಸಬೇಕು. ಅದರ ಮೇಲಿನ ಹೆಬ್ಬೆಟ್ಟು ಯಾರದೆಂದು ಮಕ್ಕಳಿಗೆ ಹೇಳಬೇಕು.

"ಏನೇ, ಇನ್ನೂ ಹೊರಟಿಲ್ವಾ? ಏನು ಯೋಚನೆ?" ಎಂದಳು ಉಪಾಯದಕ್ಕ ಬಾಗಿಲಲ್ಲಿ ನಿಂತು.

"ಏನಿಲ್ಲಕ್ಕ," ಎಂದು ಟೀಚರು ಚೀಲ ಹೆಗಲಿಗೇರಿಸಿದಳು. ದಾರಿಯಲ್ಲಿ ಅಂಗಡಿಗೆ ಹೋಗಿ ಒಳ್ಳೆಯ ಅಂಟು ಕೊಳ್ಳುವುದಿತ್ತು.