ಕಾಕಾನ ಕಿವಿಗೊಂದು ಹೆಡ್‌ಫೋನು

ನಮ್ಮ ಕಾಕಾನಷ್ಟು ಸಂಶಯದ ಮನುಷ್ಯ ಬೆಳಗಾವಿಯಲ್ಲಿ ಇನ್ನೊಬ್ಬನಿಲ್ಲ. ಇದ್ದರೂ ಅವನನ್ನು ಕಾಕಾ ನಂಬುವುದಿಲ್ಲ! ಆಟೋ ನಗರದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅವನಿಗೆ ಕಿವಿ ಮಂದವಾಗಿ ವರ್ಷಗಳೇ ಆದವು. ಆದರೆ ಒಪ್ಪಿಕೊಳ್ಳಬೇಕಲ್ಲ? ಫೋನಿನಲ್ಲಿ ಯಾರು ಏನೇ ಕೇಳಲಿ, "ಹೂಂ, ಕಳಸ್ತೀನ್ರಿ" ಎನ್ನುವುದು, ತನಗೆ ತೋಚಿದ್ದನ್ನು ಕಳಿಸುವುದು. ಕ್ಲಚ್ ಪ್ಲೇಟು ಕೇಳಿದವರಿಗೆ ಹಾರ್ನು ಹೋದಾಗ ಗಿರಾಕಿಗಳು ರೊಚ್ಚಿಗೆದ್ದರು. ಕೊನೆಗೆ ನಾನೇ ದೊಡ್ಡ ದನಿಯ ಬ್ಲೂಟೂತ್ ಹೆಡ್‌ಫೋನು ತಂದು, ಅವನ ಮೊಬೈಲಿಗೆ ಜೋಡಿಸಲು ಕುಳಿತೆ.

ಫೋನಿನ ಪರದೆಯ ಮೇಲೆ ಸಾಲಾಗಿ ಹೆಸರುಗಳು ಬಂದವು. ಅಕ್ಕಪಕ್ಕದ ಗ್ಯಾರೇಜಿನವರ ಹೆಡ್‌ಫೋನುಗಳೂ ಅದರಲ್ಲಿದ್ದವು.

"ಇದರಾಗ ನಮ್ದು ಯಾವ್ದು?"

"ಮ್ಯಾಲಿಂದು, ಕಾಕಾ!" ಎಂದು ಕಿರುಚಿದೆ.

"ಖರೇ ಅಂತ ಹೆಂಗ ಹೇಳ್ತಿ? ಬಾಜೂನವಂದಕ್ಕ ಜೋಡಾದ್ರ ನಮ್ಮ ಮನಿ ಮಾತೆಲ್ಲಾ ಅಂವ ಕೇಳ್ತಾನ!"

ತನಗೇ ಕೇಳಿಸದ ಮಾತನ್ನು ಕಾಯುವ ಉಸಾಬರಿ ನೋಡಿ! ಅಂಗಡಿಯ ಶಟರ್ ಅರ್ಧ ಇಳಿಸಿದ. ಸಾಲದೆಂದು ಗ್ಯಾರೇಜುಗಳಿಗೆ ನುಗ್ಗಿ, "ಕಿವ್ಯಾಗಿಂದು ಬಂದ್ ಮಾಡ್ರಿ" ಎಂದು ಗದರಿಸಿ ಬಂದ. ಪರದೆಯಲ್ಲಿ ಒಂದೇ ಹೆಸರು ಉಳಿಯಿತು. ನನ್ನಿಂದ ನಮ್ಮದನ್ನೂ ಬಂದ್ ಮಾಡಿಸಿದ, ಆ ಹೆಸರೂ ಹೋಯಿತು. ಮತ್ತೆ ಹಚ್ಚಿದಾಗ ಬಂತು. ಆಮೇಲಷ್ಟೇ ಅಪ್ಪಣೆಯಾಯಿತು: "ಹಾಂ, ಈಗ ಜೋಡಸು."

ಜೋಡಿಸಿದ್ದೇ ತಡ, ಫೋನು ಬಡಿದುಕೊಂಡಿತು. ಖಾನಾಪುರದ ಕಡೆ ಬೀಡಿ ಎಂಬ ಊರಿನಲ್ಲಿರುವ ಅತ್ತೆ, ಕಾಕಾನ ತಂಗಿ. ವಾರಕ್ಕೊಮ್ಮೆ ಅವಳು ಮಾತಾಡುವುದು, ಇವನು ಹೂಂಗುಟ್ಟುವುದು ರೂಢಿ. ಅತ್ತೆಯ ಮಗ ಹೋದ ವರ್ಷ ತೀರಿಕೊಂಡಿದ್ದ. ಅವನ ಹೆಸರೆತ್ತಿದರೆ ಸಾಕು, "ಬಿಡು, ಮತ್ತ ಅಳ್ತಿ" ಎಂದು ಮನೆಯವರು ಅವಳ ಬಾಯಿ ಮುಚ್ಚಿಸುತ್ತಿದ್ದರು.

ಕಾಕಾ ಹೆಡ್‌ಫೋನು ಹಾಕಿಕೊಂಡು "ಹೂಂ" ಎಂದ. ಆಮೇಲೆ ಹೂಂಗುಟ್ಟುವುದನ್ನೂ ಮರೆತ. ಅವನ ಕಣ್ಣಿಂದ ನೀರಿಳಿಯುವುದು ಕಂಡು ನನಗೆ ಗಾಬರಿಯಾಯಿತು. ಮೈಕನ್ನು ಅಂಗೈಯಿಂದ ಮುಚ್ಚಿ ಪಿಸುಗುಟ್ಟಿದ:

"ಮಗನ ಸುದ್ದಿ ಹೇಳಾಕತ್ತಾಳ. 'ಅಣ್ಣಾ, ನಿನಗ ಕೇಳಸೂದಿಲ್ಲಂತ ಗೊತ್ತೈತಿ, ಅದಕ್ಕ ನಿನ್ನ ಮುಂದ ಹೇಳ್ತೀನಿ' ಅಂದ್ಲು."

ಈಗ ಕೇಳಿಸುತ್ತದೆ ಎಂದುಬಿಟ್ಟರೆ, ಅವಳು ಇನ್ನು ಮಗನ ಹೆಸರನ್ನು ಯಾರ ಮುಂದೆ ಎತ್ತಬೇಕು?

ಕಾಕಾ ಕಣ್ಣೊರೆಸಿಕೊಂಡು, ಮೈಕಿನಿಂದ ಕೈ ತೆಗೆದು, ಎಂದಿನ ದೊಡ್ಡ ದನಿಯಲ್ಲಿ ಹೇಳಿದ:

"ಏನಂದ್ಯವಾ? ಒಂದೂ ಕೇಳಸವಲ್ದು. ನೀ ಹೇಳ್ಕೋತ ಹೋಗು, ನಾ ಇಲ್ಲೇ ಅದೀನಿ."