ಪೂರ್ವಕ್ಕೆ ಬಾಗಿಲಿರುವ ಗಾಡಿ

ನನ್ನ ಹೆಂಡತಿಯ ತಮ್ಮ ಹೊಸದಾಗಿ ಏನನ್ನಾದರೂ ಕೊಂಡನೆಂದರೆ ಕಡೂರಿನಲ್ಲಿ ನಮ್ಮ ಬೀದಿಗೆ ಕೆಲವು ದಿನ ಬಿಟ್ಟಿ ಮನರಂಜನೆ. ಈ ಸಲ ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ತರೀಕೆರೆಯ ಗ್ಯಾರೇಜಿನಲ್ಲಿ ಸೀಟುಗಳನ್ನು ಕೀಳಿಸಿ, ಮಂಚ, ಒಲೆ, ಸಿಂಕು, ಕಕ್ಕಸು ಎಲ್ಲವನ್ನೂ ಕೂರಿಸಿದ. ಕ್ಯಾರವಾನ್ ಅಂತೆ. ಯಾರಿಗೆ ಎಂದರೆ, ಅಮ್ಮನಿಗಂತೆ.

ನನ್ನ ಹೆಂಡತಿ ತೀರಿಕೊಂಡ ಮೇಲೆ ಅತ್ತೆ ಮಾತು ನಿಲ್ಲಿಸಿದ್ದರು. 'ಹೂಂ', 'ಬೇಡ', ಇವೆರಡೇ. ನಾನಾದರೂ ತರಗತಿಯಲ್ಲಿ ಪಾಠಕ್ಕೆಂದು ಬಾಯಿ ತೆರೆಯುತ್ತಿದ್ದೆ. ಅವರಿಗೆ ಅದೂ ಇರಲಿಲ್ಲ.

"ಎರಡು ದಿನ ಸುತ್ತಿಸ್ಕೊಂಡ್ ಬರಾಣ ಭಾವ. ಅಮ್ಮ ಮಾತಾಡ್ತಾಳೆ, ನೋಡ್ತಿರಿ" ಎಂದ ಭಾವಮೈದ. ಆ ಒಂದು ಆಸೆಗೆ ಒಪ್ಪಿದೆ.

ಗೃಹಪ್ರವೇಶ

ಗಾಡಿಯಾದರೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರೆ ಮುಗಿಯಿತು. "ಇದು ಮನೆ, ಹಸು ನುಗ್ಗಿಸಲೇಬೇಕು" ಎಂದು ಭಾವಮೈದ ಹಟ ಹಿಡಿದ. ಹಲಗೆ ಇಟ್ಟು ಹಸುವನ್ನು ಹತ್ತಿಸಿದರು. ಒಳಗೆ ಕಟ್ಟಿದ್ದ ಬಾಳೆಎಲೆಯ ಆಸೆಗೆ ಅದು ನೇರವಾಗಿ ಹೋಗಿ ಮಂಚಕ್ಕೂ ಒಲೆಗೂ ನಡುವೆ ನಿಂತುಕೊಂಡಿತು. ತಿರುಗಲು ಜಾಗವಿಲ್ಲ. ಸಗಣಿ ಹಾಕಿತು. "ಶುಭವಾಯಿತು" ಎಂದರು ಪುರೋಹಿತರು, ಕೆಳಗೇ ನಿಂತು.

ನಾಲ್ಕು ಜನ ಹಿಂದಕ್ಕೆ ಎಳೆದರು. ಹಸುವಿನ ಯಜಮಾನ ಬೀಡಿ ಹಚ್ಚಿಕೊಂಡು ಹೇಳಿದ: "ಎಷ್ಟ್ ಎಳುದ್ರೂ ಅಷ್ಟೇ ಸ್ವಾಮಿ. ಇದುಕ್ಕೆ ರಿವರ್ಸ್ ಗೇರ್ ಇಲ್ಲ."

ರೈಲ್ವೆ ಗೇಟು

ಮಂಚ ಬಿಚ್ಚಿ ಹಸುವನ್ನು ಇಳಿಸಿ, ಮತ್ತೆ ಮಂಚ ಜೋಡಿಸಿ ಅಜ್ಜಂಪುರದ ಕಡೆ ಹೊರಟೆವು. ಭಾವಮೈದ ವಾಸ್ತು ಕೇಳಿಸಿಕೊಂಡು ಬಂದಿದ್ದ: ಓಡುವಾಗ ದೋಷವಿಲ್ಲ, ನಿಂತಾಗ ಮಾತ್ರ ಬಾಗಿಲು ಪೂರ್ವಕ್ಕಿರಬೇಕು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ನಮ್ಮ ಬಾಗಿಲು ಪಶ್ಚಿಮಕ್ಕೆ. ಸಾಲಿನ ನಡುವೆಯೇ ಗಾಡಿ ತಿರುಗಿಸತೊಡಗಿದ. ಹಿಂದೆ, ಮುಂದೆ, ಎಲ್ಲ ಕಡೆಯಿಂದ ಹಾರನ್ನು.

"ಯಾಕಪ್ಪಾ, ಏನಾರ ಮರ್ತ್ ಬಂದ್ಯಾ?" ಎಂದ ಲಾರಿ ಡ್ರೈವರ್.

"ಇಲ್ಲ ಕಣ್ರೀ, ಬಾಗ್ಲು ಪೂರ್ವಕ್ಕೆ ಬರ್ಬೇಕು."

ಡ್ರೈವರ್ ತನ್ನ ಲಾರಿಯನ್ನು ಎಡಕ್ಕೂ ಬಲಕ್ಕೂ ನೋಡಿದ. "ನಂದುಕ್ಕೆ ಎರಡೂ ಕಡೆ ಐತಲ್ಲಪ್ಪಾ, ನಾನೇನ್ ಮಾಡ್ಲಿ?"

ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದರು.

ಬೀಗ

ಸಂಜೆ ಒಂದು ಹಳ್ಳಿಯ ಅಂಚಿನಲ್ಲಿ ನಿಂತೆವು. ಭಾವಮೈದನ ಅಪ್ಪಣೆ: ಒಲೆ ಹಚ್ಚುವಂತಿಲ್ಲ, ಗೋಡೆಗೆ ಮಸಿ. ಕಕ್ಕಸಿಗೆ ಬೀಗ, ಹೊಸದು, ಗಲೀಜಾಗುತ್ತದೆ. ಇಷ್ಟು ಸೌಕರ್ಯ ಇಟ್ಟುಕೊಂಡು ನಾವು ಬ್ರೆಡ್ಡು ತಿನ್ನುತ್ತಿದ್ದೆವು.

ಎದುರು ಮನೆಯ ಮುದುಕಿ ಬಂದು ಒಳಗೆ ಇಣುಕಿದಳು. "ಶುಗರ್ ನೋಡೋ ಗಾಡಿಯೇನಪ್ಪಾ?"

"ಅಲ್ಲ ಕಣಜ್ಜಿ, ಇದು ಮನೆ!" ಎಂದ ಭಾವಮೈದ.

"ಅಯ್ಯೋ, ಊರಲ್ಲಿ ಮನೆ ಇಲ್ವಾ?"

"ಐತೆ. ಎರಡು ಅಂತಸ್ತು."

"ಮತ್ಯಾಕಪ್ಪಾ ಹೆತ್ತೋಳ್ನ ಇದ್ರಲ್ಲಿ ಮಡಗಿದೀಯಾ?" ಎಂದವಳು ಅತ್ತೆಯ ಕೈ ಹಿಡಿದಳು. "ಏನಾರ ಬೇಕೇನವ್ವಾ?"

'ಬೇಡ' ಎನ್ನುತ್ತಾರೆಂದು ನಾನು ತಲೆ ತಗ್ಗಿಸಿದೆ. ಅತ್ತೆ ಅವಳ ಕಿವಿಯ ಹತ್ತಿರ ಬಾಗಿ, ನಮಗೂ ಕೇಳುವಷ್ಟು ಜೋರಾಗಿಯೇ ಅಂದರು: "ನಿಮ್ಮನೇಲಿ ಕಕ್ಕಸ್ ಐತೇನವ್ವಾ?"

ಹೋದವರು ತಿರುಗಿ ಬರಲಿಲ್ಲ. ಹೋಗಿ ನೋಡಿದರೆ ಇಬ್ಬರೂ ಜಗಲಿಯ ಮೇಲೆ ರೊಟ್ಟಿ ತಿನ್ನುತ್ತ ಕೂತಿದ್ದರು. ಅತ್ತೆ ಮಗಳ ವಿಷಯ ಹೇಳುತ್ತಿದ್ದರು. ಅವಳಿಗೆ ಉಪ್ಪು ಎಷ್ಟಿರಬೇಕಿತ್ತು, ಸಿಟ್ಟು ಬಂದರೆ ಪಾತ್ರೆ ಹೇಗೆ ಕುಕ್ಕುತ್ತಿದ್ದಳು. ಅಳುತ್ತಿದ್ದರು, ನಡುನಡುವೆ ನಗುತ್ತಿದ್ದರು. ನಾನು ಕಂಬದ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದೆ. ಒಂದೂ ಸುಳ್ಳಲ್ಲ.

ಭಾವಮೈದ ಹಿಂದೆಯೇ ಬಂದು ಎದೆ ಉಬ್ಬಿಸಿದ. "ನೋಡುದ್ರಾ ಭಾವ? ನಮ್ ಗಾಡಿ ಅಮ್ಮನ್ನ ಹೆಂಗ್ ಮಾತಾಡಿಸ್ತು!"

ಅತ್ತೆ ರೊಟ್ಟಿ ಮುರಿಯುತ್ತ ಅಂದರು: "ಹೂಂ ಕಣೋ. ನೀನು ಬೀಗ ಹಾಕ್ದೆ ಇದ್ದಿದ್ರೆ ಇನ್ನೂ ಸುಮ್ನೇ ಇರ್ತಿದ್ದೆ."